ಯೀಸ್ಟ್ ಉಳಿಸಿದ ಬೇರು

ತಿರುವನಂತಪುರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಶಾಲಿನಿ ಹನ್ನೊಂದು ವರ್ಷದಿಂದ ಯೀಸ್ಟ್ ಸಾಕುತ್ತಿದ್ದಳು. ಅಲ್ಲಿನ ಬೆಳಗಿನ ತಿಂಡಿ ಪಾಲಪ್ಪದ ಹಿಟ್ಟು ಉಬ್ಬಿಸುವ ಅದೇ ಯೀಸ್ಟ್. ಪಾರ್ಕಿನ್ಸನ್ ಕಾಯಿಲೆಯವರ ಮಿದುಳಿನಲ್ಲಿ ಗಂಟುಕಟ್ಟುವ ಪ್ರೋಟೀನು ಅದರೊಳಗೂ ಹುಟ್ಟುವಂತೆ ಮಾಡಿದರೆ ಅದೂ ಸಾಯುತ್ತದೆ. ಮನುಷ್ಯನಲ್ಲಿ ವರ್ಷಗಟ್ಟಲೆ ಹಿಡಿಯುವ ಕೇಡನ್ನು ಎರಡೇ ದಿನದಲ್ಲಿ ನೋಡಬಹುದು. ಈ ವರ್ಷ ಒಂದು ಬೇರಿನ ಸಾರ ಹಾಕಿದ ತಟ್ಟೆಯಲ್ಲಿ ಯೀಸ್ಟ್ ಸಾಯದೆ ಉಳಿಯಿತು.

ಪತ್ರಿಕೆಗಳಿಗೆ ಕೊಡುವ ಟಿಪ್ಪಣಿಯಲ್ಲಿ ಅವಳು ‘ಯೀಸ್ಟಿನಲ್ಲಿ’ ಎಂದು ಮೂರು ಕಡೆ ಬರೆದಿದ್ದಳು. ನಿರ್ದೇಶಕರ ಕಚೇರಿಯಿಂದ ತಿದ್ದಿಬಂದ ಪ್ರತಿಯಲ್ಲಿ ಒಂದೂ ಇರಲಿಲ್ಲ. ಅವಳಿಗೆ ಸಿಟ್ಟೇನೋ ಬಂತು. ಆದರೆ ಬಡ್ತಿಯ ಸಂದರ್ಶನ ಹತ್ತಿರವಿತ್ತು. ಸಹಿ ಹಾಕಿದಳು.

‘ಪಾರ್ಕಿನ್ಸನ್‌ಗೆ ಬೇರಿನ ಮದ್ದು’ ಎಂಬ ಸುದ್ದಿಯನ್ನು ತ್ರಿಪ್ಪುಣಿತ್ತುರದಲ್ಲಿ ಅವಳ ಭಾವ ಸುಬ್ರಾಯರು ಓದಿದರು. ಬ್ಯಾಂಕಿನ ಕೆಲಸಕ್ಕೆಂದು ಕಾಸರಗೋಡಿನಿಂದ ಬಂದು ಅಲ್ಲೇ ನೆಲೆನಿಂತವರು. ಕೈನಡುಕ ಶುರುವಾಗಿ ಆರು ವರ್ಷ. ಕೂಡಲೇ ಫೋನ್ ಮಾಡಿದರು.

“ಶಾಲಿನೀ, ನೀನು ಕಂಡುಹಿಡಿದ ಬೇರು ಒಳ್ಳೆ ಕೆಲಸ ಮಾಡ್ತದಂತಲ್ಲ?”

ಅವಳ ಸುತ್ತ ಅಭಿನಂದಿಸುವವರ ಗುಂಪು. “ಹೌದು ಭಾವ, ಆಮೇಲೆ ಮಾತಾಡ್ತೇನೆ” ಎಂದಳು. ಮಾತಾಡಲಿಲ್ಲ.

ಸುಬ್ರಾಯರು ಪಾಲಾರಿವಟ್ಟಂನ ನಾರುಬೇರಿನ ಅಂಗಡಿಯಿಂದ ಅದೇ ಬೇರು ತರಿಸಿ ಕಷಾಯ ಕುಡಿಯತೊಡಗಿದರು. ಎರಡೆರಡು ಮದ್ದು ಒಟ್ಟಿಗೆ ಬೇಡವೆಂದು ಡಾಕ್ಟರ ಮಾತ್ರೆಗಳನ್ನು ಹೆಂಡತಿಗೆ ತಿಳಿಯದಂತೆ ಬಚ್ಚಲಿಗೆ ಎಸೆದರು. ಐದನೇ ದಿನ ಮೈ ಮರದ ಕೊರಡಿನಂತೆ ಬಿಗಿದು, ಕೆಂಡದಂಥ ಜ್ವರ ಬಂತು.

ಸುದ್ದಿ ತಿಳಿದ ಶಾಲಿನಿ ತಂಪಾನೂರು ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ಆಸ್ಪತ್ರೆ ತಲುಪಿದಾಗ ಅಕ್ಕ ಸುಮಿತ್ರ ಬಾಗಿಲಲ್ಲೇ ನಿಂತಿದ್ದಳು.

“ಮಾತ್ರೆ ಒಮ್ಮೆಲೇ ಬಿಟ್ಟದ್ದಕ್ಕೆ ಹೀಗಾದದ್ದಂತೆ. ಆ ಬೇರು ಯಾರಿಗೆ ಕೊಟ್ಟು ನೋಡಿದ್ದು ನೀನು?”

“ಯಾರಿಗೂ ಇಲ್ಲ ಅಕ್ಕ. ಯೀಸ್ಟಿಗೆ.”

“ಅಪ್ಪಕ್ಕೆ ಹಾಕುವ ಯೀಸ್ಟಿಗಾ?”

ಶಾಲಿನಿ ಹೌದೆಂದು ತಲೆಯಾಡಿಸಿದಳು. ಸುಮಿತ್ರ ಬಾಗಿಲು ಬಿಟ್ಟು ಸರಿದು, “ಒಳಗೆ ಹೋಗಿ ಅವರಿಗೂ ಅದನ್ನೇ ಹೇಳು” ಎಂದಳು.

ಸುಬ್ರಾಯರ ದವಡೆ ಸರಿಯಾಗಿ ತೆರೆಯುತ್ತಿರಲಿಲ್ಲ. ನಾದಿನಿಯನ್ನು ಕಂಡು ಕಣ್ಣು ಮಾತ್ರ ಅರಳಿತು. “ನಾನು ತೆಗೊಂಡದ್ದು... ಕಡಿಮೆ ಆಯ್ತಾ ಏನೋ” ಎಂದರು.

ಅವಳು ಹೇಳಿದಳು. ಅದು ಮನುಷ್ಯರ ಮದ್ದಲ್ಲ, ಇಲಿಗೂ ಕೊಟ್ಟು ನೋಡಿಲ್ಲ, ಪೇಪರಿಗೆ ಹೋದ ಟಿಪ್ಪಣಿಗೆ ತಾನೇ ಸಹಿ ಹಾಕಿದ್ದು ಎಂದಳು. ಸುಬ್ರಾಯರಿಗೆ ಮುಖ ತಿರುಗಿಸಲೂ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡರು.

ಜೀವ ಉಳಿಯಿತು, ಮತ್ತೆ ಎದ್ದು ನಡೆಯಲಿಲ್ಲ. ಶಾಲಿನಿ ಪತ್ರಿಕೆಗೆ ತಿದ್ದುಪಡಿ ಬರೆದಳು, ಅದು ಅಚ್ಚಾಗಲಿಲ್ಲ. ಬಡ್ತಿ ಸಿಕ್ಕಿತು. ಓಣಂ ರಜೆಗೆ ಬರುತ್ತೇನೆಂದು ಫೋನ್ ಮಾಡಿದಾಗ ಸುಮಿತ್ರ, “ಬೇಡ. ನಿನ್ನ ದನಿ ಕೇಳಿದರೆ ಅವರು ಊಟ ಬಿಡ್ತಾರೆ” ಎಂದು ಫೋನ್ ಇಟ್ಟಳು.