ಕೆಂಪು ಒಣಗುವ ತನಕ

ಮಂಜು ಅಂಗೈಗೆ ಒದ್ದೆಯಾಗಿ ತಾಗುತ್ತದೆ, ಶುಭ ಶುಕ್ರವಾರ, ಹೊತ್ತು ಹನ್ನೊಂದಿರಬಹುದು, ಅವತ್ತೂ ಇದೇ ಮಂಜು, ಇದೇ ಹೊತ್ತು, ಸಮುದ್ರ ಹೀಗೇ ಇಳಿದಿತ್ತು, ಬಂಡೆಯ ಬುಡದ ಕೆಂಪು ಪಾಚಿ ಹೀಗೇ ಬಯಲಾಗಿತ್ತು — ಎಲೆಯಿಲ್ಲ, ದಂಟಿಲ್ಲ, ಕಲ್ಲಿನ ಮೇಲೆ ರಕ್ತ ಹೆಪ್ಪುಗಟ್ಟಿದ ಹಾಗೆ, ಹೆರೆದರೂ ಏಳುವುದಿಲ್ಲ, ಅವತ್ತಿನಿಂದ ಇಪ್ಪತ್ತೇಳು ವರ್ಷ ಹೆರೆದಿದ್ದೇನೆ, ಚಾಕು ಸವೆಯಿತು — ಮಾಂಸ ಮುಟ್ಟದ ದಿನ, ಸಾರು ಮಾಡಲು ಬಂಡೆಗಂಟಿದ ಚಿಪ್ಪುಮೀನು ಕೀಳಲು ನಮ್ಮ ಕೇರಿಯ ಹೆಂಗಸರೆಲ್ಲ ಇಳಿದಿದ್ದೆವು, ಹಿಂದೆ ಸೊಸೆ ಡಿಂಪ್ನಾ, ಒಳನಾಡಿನ ಮೊನಾಹನ್‌ನ ಹುಡುಗಿ, ಕೆರೆ ಬಿಟ್ಟರೆ ನೀರು ಕಂಡವಳಲ್ಲ, ಚಿಪ್ಪಿಗೆ ಒಂದೇ ಏಟು ಹಾಕಬೇಕು, ಎರಡನೆಯದಕ್ಕೆ ಅದು ಕಲ್ಲು ಕಚ್ಚಿ ಹಿಡಿಯುತ್ತದೆ, ಅವಳು ಹತ್ತು ಏಟು ಹಾಕುವವಳು, ಏನೇ ಗೋಬ್ನೆಟ್, ನಿನ್ ಸೊಸೆ ಬಾಗ್ಲು ತಟ್ತಿದಾಳಾ, ಒಳಗಿಂದ ಯಾರಾದ್ರೂ ತೆಗೀತಾರಂತಾ ಅಂತ ನೆರೆಮನೆಯ ಬ್ಯಾಬ್ ನಕ್ಕಳು, ನನಗೆ ಮೈಯೆಲ್ಲ ಉರಿಯಿತು, ನನ್ನ ಮಗ ಕೋಲ್ಮನ್‌ಗೆ ಊರಲ್ಲಿ ಬೇರೆ ಹೆಣ್ಣಿರಲಿಲ್ಲವೇ, ಅಷ್ಟರಲ್ಲಿ ಇವಳು, ಅತ್ತೇ, ಯಾವಾಗ ಮೇಲೆ ಬರ್ಬೇಕು ಅಂದಳು, ಕೆಂಪು ಒಣಗಿ ಮಂಕಾಗ್ತದಲ್ಲ ಆಗ ಬಾ, ಅಲ್ಲೀತಂಕ ಕೀಳು ಅಂದೆ ನಾನು. ಸುಳ್ಳಲ್ಲ, ಅಜ್ಜಿಯರ ಕಾಲದ ಗುರುತು ಅದು, ಕೆಂಪು ಒಣಗುವ ಹೊತ್ತಿಗೆ ಇಳಿದ ನೀರು ತಿರುಗಿ ಏರುತ್ತದೆ, ಬಿಸಿಲಿದ್ದರೆ. ಮಂಜಿನ ದಿನ ಅದು ಒಣಗುವುದೇ ಇಲ್ಲ, ಆಗ ನಾವು ಬೆನ್ನ ಹಿಂದಿನ ಕೊರಕಲು ನೋಡುತ್ತೇವೆ, ನೀರು ಮೊದಲು ಅಲ್ಲಿಗೆ ನುಗ್ಗುತ್ತದೆ. ಅದನ್ನು ಹೇಳಲಿಲ್ಲ. ಸೊಂಟದವರೆಗೆ ನೆನೆಯಲಿ, ಚೀರಿಕೊಂಡು ಬರಲಿ, ಕೇರಿ ನಗಲಿ, ಅಷ್ಟೇ ಅಂದುಕೊಂಡದ್ದು, ಅಷ್ಟೇನಾ — ನಾವೆಲ್ಲ ಮೇಲೆ ಬಂದು ಬುಟ್ಟಿ ಇಳಿಸಿ ಕೂತೆವು, ಕೆಳಗೆ ಅವಳು ಬಗ್ಗಿ ಕೆಂಪಿನ ಮೇಲೆ ಅಂಗೈ ಇಡುತ್ತಾಳೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ, ಮತ್ತೆ ಕೀಳುತ್ತಾಳೆ, ಮತ್ತೆ ಅಂಗೈ, ಎಷ್ಟು ವಿಧೇಯಳು, ಅವಳ ಹಿಂದೆ ಕೊರಕಲು ತುಂಬಿತು, ಕೂಗೇ ಅವಳನ್ನ ಅಂದಳು ಬ್ಯಾಬ್, ಈಗ ದನಿಯಲ್ಲಿ ನಗೆಯಿಲ್ಲ, ತಾಳೇ ಅಂದೆ ನಾನು, ಇನ್ನೊಂಚೂರು ತಾಳೇ ಅಂದೆ, ಬ್ಯಾಬ್ ತಾನೇ ಎದ್ದು ಕೂಗಿದಳು, ಡಿಂಪ್ನಾ ತಿರುಗಿದಳು, ಬ್ಯಾಬಳನ್ನಲ್ಲ, ನನ್ನನ್ನೇ ನೋಡಿ, ಒದ್ದೆ ಅಂಗೈ ಮೇಲೆತ್ತಿ ತೋರಿಸಿ, ಇನ್ನೂ ಒಣಗಿಲ್ಲ ಅತ್ತೇ — ಅಲೆ ಬಂತು. ಈಸ್ಟರ್ ಭಾನುವಾರ ಸಿಕ್ಕಳು, ಉಗುರೊಳಗೆ ಕೆಂಪು. ಮಂಜಲ್ಲಿ ಅದು ಒಣಗಲ್ಲ ಅಂತ ಅವಳಿಗೆ ಹೇಳಿದ್ಯೇನಮ್ಮಾ, ಕೋಲ್ಮನ್ ಕೇಳಿದ್ದು ಅದೊಂದೇ, ಹೇಳ್ದೆ ಕಣೋ, ಒಳನಾಡಿನವ್ರು ಕೇಳ್ಬೇಕಲ್ಲ, ಅಂದೆ, ಬ್ಯಾಬ್ ನೆಲ ನೋಡಿದಳು, ಅವನು ಬ್ಯಾಬಳನ್ನು ನೋಡಿದ. ಮಣ್ಣು ಮಾಡಿದ ಮಾರನೇ ದಿನ, ಬುಧವಾರ, ಕೋಲ್ಮನ್ ಊರು ಬಿಟ್ಟು ಹೋದ, ತಿರುವಿನಲ್ಲಿ ತಿರುಗಿ ನೋಡಿ ಕೈ ಎತ್ತಲಿಲ್ಲ, ಕೈ ಎತ್ತಿದ್ದು ಅವಳು, ಮಂಜಿನಲ್ಲಿ, ಒದ್ದೆ ಅಂಗೈ, ಒದ್ದೆ ಅಂಗೈ —