ಒಂದು ಬಡಿದರೆ ಹೋಲ್ಡಾನ್

ಜಗಳೂರಿನ ಹೆಸರು ಕೇಳಿದರೇ ಸಾಕು, ಡ್ರೈವರ್ ತಿಪ್ಪೇಶಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಪಾಪ, ಜಗಳೂರು ಅವನಿಗೇನೂ ಮಾಡಿರಲಿಲ್ಲ. ಮಾಡಲು ಹೊರಟವರು ಹೊನ್ನಾಳಿಯವರೇ, ಅದೂ ಅವನ ಜೊತೆ ಒಂದೇ ಡಬರಿಯಲ್ಲಿ ಚಿತ್ರಾನ್ನ ತಿಂದವರು.

ಎಂಬತ್ತೊಂದನೇ ಇಸವಿ ಅದು. ತುಂಗಾಭವಾನಿ ಬಸ್ ಕಂಪನಿಯ ಸಾವ್ಕಾರರಿಗೆ ಜಗಳೂರು, ಬಿಳಿಚೋಡು ಕಡೆ ಹೊಸ ಪರ್ಮಿಟ್ ಸಿಕ್ಕಿತ್ತು. ಗಾಡಿಗಳು ಬೆಳಿಗ್ಗೆ ಜಗಳೂರಿಂದಲೇ ಹೊರಟು ಸಂಜೆ ಅಲ್ಲಿಗೇ ಸೇರಬೇಕು. ಹಾಗಾಗಿ ಡ್ರೈವರು ಕಂಡಕ್ಟರುಗಳೂ ಅಲ್ಲೇ ಇರಬೇಕು. ಯಾರಿರಬೇಕು? ಸೇವೆಯಲ್ಲಿ ಕಿರಿಯರು. ಈ ಕರಾರಿಗೆ ನೌಕರರ ಸಂಘ ಒಪ್ಪಿದರೆ ಎಲ್ಲರಿಗೂ ಸಂಬಳ ಏರಿಸುವುದಾಗಿ ಸಾವ್ಕಾರರು ಹೇಳಿ ಕಳಿಸಿದ್ದರು. ಎಂಥ ಜಾಣ! ಗಂಟುಮೂಟೆ ಕಟ್ಟುವವರು ಕಿರಿಯರು, ಊರಲ್ಲೇ ಕೂತು ಜೇಬು ತುಂಬಿಕೊಳ್ಳುವವರು ಹಿರಿಯರು. ಒಬ್ಬರನ್ನೊಬ್ಬರು ಮಾರಿಕೊಳ್ಳಲು ಇದಕ್ಕಿಂತ ಚೆಂದದ ಸಂತೆ ಬೇಕೆ?

ತಿಪ್ಪೇಶಪ್ಪನಿಗೆ ಹೊರಗಿನ ಊರಿನ ರುಚಿ ಮೊದಲೇ ಗೊತ್ತಿತ್ತು. ಹಿಂದೆ ಚನ್ನಗಿರಿ ಹಾಲ್ಟಿನ ಗಾಡಿಗೆ ಹಾಕಿದ್ದಾಗ ಅಲ್ಲಿಯ ಬಸ್ ಸ್ಟ್ಯಾಂಡೇ ಅವನ ಮನೆಯಾಗಿತ್ತು. ಅಪರೂಪಕ್ಕೆ ಹೊನ್ನಾಳಿಗೆ ಬಂದ ಒಂದು ಮಧ್ಯಾಹ್ನ ಮಗಳು ಹೊನ್ನೂರಮ್ಮ ಅವ್ವನ ಸೀರೆ ಹಿಂದೆ ಅಡಗಿಕೊಂಡು, "ಅವ್ವಾ, ಬಸ್ಸಿನ ಮಾಮ ಬಂದಾನೆ" ಎಂದಿದ್ದಳು. ಹೆಂಡತಿ ಭೀಮಕ್ಕ ನಕ್ಕಳು. ಪಕ್ಕದ ಮನೆಯವರೂ ನಕ್ಕರು. ತಿಪ್ಪೇಶಪ್ಪನೂ ನಕ್ಕು, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತುಬಿಟ್ಟ. ಆಮೇಲೆ ಕಾಡಿಬೇಡಿ ನ್ಯಾಮತಿ–ಸವಳಂಗ ಲೈನಿಗೆ ಬಂದಿದ್ದ. ಈಗ ದಿನಾ ಸಂಜೆ ಮನೆಗೆ ಬರುತ್ತಿದ್ದ, ಮಗಳು ಅಪ್ಪ ಎನ್ನುತ್ತಿದ್ದಳು.

ಭೀಮಕ್ಕ ಆಸ್ಪತ್ರೆಯಲ್ಲಿ ಆಯಾ. ಆಗಷ್ಟೇ ಖಾಯಂ ಆಗಿದ್ದಳು.

"ನಾನಂತೂ ಜಗಳೂರಿಗೆ ಬರಾಕಿಲ್ಲ" ಎಂದಳು, ಸಭೆಗೆ ಹೊರಟ ಗಂಡನಿಗೆ. "ಈ ಕೆಲಸ ಖಾಯಂ ಆಗಾಕೆ ನಾನೆಷ್ಟು ನೆಲ ಒರೆಸೀನಿ ಅಂತ ನಿಮಗೆ ಗೊತ್ತೈತೆ. ನೀವೂ ಹೋಗಬ್ಯಾಡ್ರಿ. ಕೂಸು ಮತ್ತೆ ಮಾಮ ಅಂದ್ರೆ ಈ ಸಲ ನಾನು ನಗಾಕಿಲ್ಲ."

"ಹೋಗಾದೇನು ಬಂತು? ಚಿಕ್ಕಹನುಮಂತಣ್ಣ ನಮ್ಮ ಕಡೆಗೈತೆ. ನನ್ನ ತಲೆ ಮುಟ್ಟಿ ಹೇಳೈತೆ."

ಚಿಕ್ಕಹನುಮಂತಪ್ಪ ಕಂಪನಿಗೆಲ್ಲ ಹಿರಿಯ ಡ್ರೈವರು. ಕ್ಲೀನರ್ ಆಗಿ ಬಂದ ತಿಪ್ಪೇಶಪ್ಪನಿಗೆ ಸ್ಟೇರಿಂಗು ಹಿಡಿಸಿದವನೂ, ಬಸ್ಸಿನ ತಗಡು ಬಡಿಯುವ ಪಾಠ ಹೇಳಿದವನೂ ಅವನೇ. "ಒಂದು ಬಡಿದರೆ ಹೋಲ್ಡಾನ್, ಗಾಡಿ ನಿಲ್ಲಬೇಕು. ಎರಡು ಬಡಿದರೆ ರೈಟ್, ಹೊರಡಬೇಕು. ಒಂದೇ ಸಮ ಬಡಿದರೆ ಯಾರೋ ಗಾಲಿಗೆ ಸಿಕ್ಕವ್ರೆ ಅಂತ. ಆವಾಗ ಹಿಂದೆ ಮುಂದೆ ನೋಡಬ್ಯಾಡ, ಬ್ರೇಕ್ ತುಳಿ." ಆ ಪಾಠ ತಿಪ್ಪೇಶಪ್ಪನ ಕೈಕಾಲಿನಲ್ಲೇ ಕೂತುಬಿಟ್ಟಿತ್ತು.

ಸಂಘದ ವೋಟು ಕೂಡ ತಗಡಿನ ಮೇಲೆಯೇ ನಡೆಯುತ್ತಿತ್ತು. ಹಿಂದೊಮ್ಮೆ ಕೈ ಎತ್ತಿಸಿದಾಗ ಸಾವ್ಕಾರರಿಗೆ ಯಾರೋ ಹೆಸರು ಹೇಳಿ, ಎತ್ತಿದ ಕೈಗಳಿಗೆ ಮಾರನೇ ದಿನ ಸ್ಟೇರಿಂಗು ಸಿಕ್ಕಿರಲಿಲ್ಲ. ಆಗ ಕಾರ್ಯದರ್ಶಿ ಷಣ್ಮುಖಪ್ಪನೇ, ಅವನಿಗಿನ್ನೂ ಬೆನ್ನುಮೂಳೆ ಇದ್ದ ಕಾಲದಲ್ಲಿ, ಈ ಉಪಾಯ ಹೂಡಿದ್ದ. ಎಲ್ಲರೂ ಬಸ್ಸಿನೊಳಗೆ ಮುಂದಕ್ಕೆ ಮುಖ ಮಾಡಿ ಕೂರುವುದು. ಒಬ್ಬೊಬ್ಬರೇ ಇಳಿದು ಹಿಂದೆ ಹೋಗಿ ತಗಡು ಬಡಿಯುವುದು. ಬೇಡವೆಂದರೆ ಒಂದು, ಒಪ್ಪಿಗೆಯಾದರೆ ಎರಡು. ಒಳಗಿದ್ದವರ ಕಿವಿಗೆ ಬಿದ್ದರೂ, ಕಣ್ಣಾರೆ ಕಂಡೆ ಎಂದು ಸಾವ್ಕಾರರ ಮುಂದೆ ಆಣೆ ಮಾಡಿ ಹೇಳಲು ಯಾರಿಗೂ ಬರುವಂತಿರಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ. ಪೂಜೆ ಮುಗಿದು ಕುಂಕುಮ ಹಚ್ಚಿಸಿಕೊಂಡ ಗಾಡಿಗಳು ಶೆಡ್ಡಿನಲ್ಲಿ ನಿಂತಿದ್ದವು. ಎಲ್ಲರೂ ಒಂದು ಗಾಡಿಯೊಳಗೆ ಕೂತ ಮೇಲೆ ಷಣ್ಮುಖಪ್ಪ ಕರಾರು ಓದಿ ಹೇಳಿ, "ಯೋಚನೆ ಮಾಡಿ ಬಡೀರಿ. ಸರಿಸಮ ಬಂದರೆ ರೂಢಿ ಹೆಂಗೈತೋ ಹಂಗೆ, ನನ್ನ ಮಾತೇ ಕಡೇದು" ಎಂದ. ಅವನ ಮಾತು ಯಾವ ಕಡೆಗೆ ವಾಲುತ್ತದೆಂದು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಅವನ ಹೊಸ ರಿಸ್ಟ್‌ವಾಚೇ ಎಲ್ಲ ಹೇಳುತ್ತಿತ್ತು.

ಮೊದಲು ಹಿರಿಯರು. ಚಿಕ್ಕಹನುಮಂತಪ್ಪ ಡ್ರೈವರ್ ಸೀಟಿನಿಂದ ಇಳಿದು ಹಿಂದೆ ಹೋದ. ಅವನ ಬಲಗೈಯಲ್ಲಿ ಉಚ್ಚಂಗಮ್ಮನ ಹರಕೆಯ ತಾಮ್ರದ ಕಡಗವಿತ್ತು. ಅಂಗೈ ತಗಡಿಗೆ ಬಿದ್ದಾಗೆಲ್ಲ ಕಡಗವೂ ಠಣ್ಣೆನ್ನುತ್ತಿತ್ತು. ಕ್ಲೀನರಾಗಿ ಆ ಸದ್ದಿಗೇ ಎದ್ದು ಆ ಸದ್ದಿಗೇ ಮಲಗಿದವನು ತಿಪ್ಪೇಶಪ್ಪ.

ಠಣ್.

ತಿಪ್ಪೇಶಪ್ಪ ಉಸಿರು ಬಿಟ್ಟ.

ಠಣ್.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಕೈ ಜಾರಿರಬೇಕು ಎಂದುಕೊಂಡ. ಚಿಕ್ಕಹನುಮಂತಪ್ಪ ವಾಪಸ್ಸು ಬಂದು, ಯಾರ ಮುಖವನ್ನೂ ನೋಡದೆ ಡ್ರೈವರ್ ಸೀಟಿನಲ್ಲಿ ಕೂತು, ಸ್ಟೇರಿಂಗಿಗೆ ಸಿಕ್ಕಿಸಿದ್ದ ಚೆಂಡುಹೂವನ್ನು ಸರಿಮಾಡತೊಡಗಿದ. ಆಗ ಅರ್ಥವಾಯಿತು. ತಲೆ ಮುಟ್ಟಿದ ಕೈಯೇ ಎರಡು ಬಡಿದು ಬಂದು ಹೂವು ಸರಿಮಾಡುತ್ತಿದೆ! ತಿಪ್ಪೇಶಪ್ಪನ ಕಿವಿ ಬಿಸಿಯಾಯಿತು. ಎದ್ದು ಹೋಗಿ ಆ ಕುತ್ತಿಗೆ ಹಿಡಿಯಬೇಕೆನಿಸಿತು. ಪಕ್ಕದಲ್ಲಿದ್ದ ಕಂಡಕ್ಟರ್ ಪಾಪಣ್ಣ, ಅವನೂ ಜಗಳೂರಿನ ಪಟ್ಟಿಯವನೇ, ತೊಡೆ ಒತ್ತಿ ಹಿಡಿದು ಕೂರಿಸಿದ.

ಒಬ್ಬೊಬ್ಬರಾಗಿ ಹೋಗಿ ಬಂದರು. ಎರಡು. ಎರಡು. ಒಂದು. ಎರಡು. ಹಿರಿಯರೆಲ್ಲ ಮುಗಿದ ಮೇಲೆ ಒಂದರ ಸದ್ದು ಹೆಚ್ಚಾಯಿತು. ಪಾಪಣ್ಣ ಹೋಗಿ ಒಂದು ಬಡಿದು ಬಂದು ಪಿಸುಗುಟ್ಟಿದ:

"ಸಮ ಆತು ಕಣೋ. ನಿಂದೊಂದೇ ಉಳಿದಿರಾದು. ಒಂದು ಬಡಿ, ಗೆದ್ವಿ."

ತಿಪ್ಪೇಶಪ್ಪ ಇಳಿದು ಹಿಂದೆ ಹೋದ. ತಗಡಿನ ಮೇಲೆ ವಿಭೂತಿಯ ಮೂರು ಪಟ್ಟೆ, ಅದರ ಪಕ್ಕದಲ್ಲಿ ಕಡಗ ತಾಗಿದ ಎರಡು ಹೊಸ ಗೀರು. ಒಂದು ಬಡಿದ. ಚೆನ್ನಾಗಿಯೇ ಬಡಿದ. ಅಲ್ಲಿಗೆ ಕೈ ಇಳಿಸಿ ತಿರುಗಿದ್ದರೆ ಮುಗಿದಿತ್ತು; ಸಂಜೆ ಮನೆಗೆ ಹೋಗಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬಹುದಿತ್ತು. ಆದರೆ ಆ ಎರಡು ಗೀರು ಕಣ್ಣು ಚುಚ್ಚಿದವು. ಕೈ ಮತ್ತೆ ಎದ್ದಿತು. ಅದು ತಿಪ್ಪೇಶಪ್ಪನ ಮಾತು ಕೇಳಲಿಲ್ಲ. ಬಡಿದ, ಮತ್ತೆ ಬಡಿದ, ಎರಡೂ ಕೈಯಲ್ಲಿ ಬಡಿದ, ಅಂಗೈ ಉರಿದರೂ ಬಿಡದೆ ಒಂದೇ ಸಮ ಬಡಿದ.

ಒಳಗೆ ಪೆಡಲ್ಲು ನೆಲಕ್ಕೆ ತಾಗಿದ ಸದ್ದಾಯಿತು. ಚಿಕ್ಕಹನುಮಂತಪ್ಪ ನಿಂತ ಗಾಡಿಯ ಬ್ರೇಕನ್ನು ಮೈಭಾರವೆಲ್ಲ ಬಿಟ್ಟು ತುಳಿದಿದ್ದ.

"ಯಾರೋ! ಯಾರು ಸಿಕ್ಕಿದ್ರೋ ಗಾಲಿಗೆ?" ಎಂದು ಕಿಟಕಿಯಿಂದ ತಲೆ ಹಾಕಿ ಕೂಗಿದ.

ತಿಪ್ಪೇಶಪ್ಪ ಬಸ್ಸಿನ ಪಕ್ಕದಿಂದ ಮುಂದಕ್ಕೆ ನಡೆದು ಬಂದು ಕಿಟಕಿಯ ಕೆಳಗೆ ನಿಂತ.

"ನಾನು."

ಷಣ್ಮುಖಪ್ಪ ಗಂಟಲು ಸರಿಮಾಡಿಕೊಂಡ. "ಇದು ಒಂದೂ ಅಲ್ಲ, ಎರಡೂ ಅಲ್ಲ. ಈ ವೋಟು ಲೆಕ್ಕಕ್ಕಿಲ್ಲ. ಸಮ ಆತು. ನಂದು ರೈಟ್."

"ಒಂದೇ ಸಾಕಿತ್ತಲ್ಲೋ ಮಾರಾಯಾ!" ಪಾಪಣ್ಣ ಹಣೆ ಹಣೆ ಚಚ್ಚಿಕೊಂಡ. "ನಮ್ಮನ್ನೂ ಮುಳುಗಿಸಿದೆಯಲ್ಲೋ!"

ಮೋಸ ಮಾಡಿದವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಸಿಟ್ಟು ತಿಪ್ಪೇಶಪ್ಪನಿಗೆ ತನ್ನ ಕೈಗಳ ಮೇಲೂ ಬಂತು. ಅವುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಚಿಕ್ಕಹನುಮಂತಪ್ಪ ಇನ್ನೂ ಹಾಗೇ ಕೂತಿದ್ದ. ಕಾಲು ಬ್ರೇಕಿನ ಮೇಲೇ ಇತ್ತು. "ತಿಪ್ಪೇಶೀ... ನಂದಿನ್ನು ಎರಡೇ ವರ್ಷ ಸರ್ವೀಸು ಐತೆ ಕಣೋ" ಎಂದ.

"ಕಾಲು ತೆಗಿ ಅಣ್ಣ" ಎಂದ ತಿಪ್ಪೇಶಪ್ಪ. "ಬ್ರೇಕ್ ತುಳಿಯಾ ಹೊತ್ತಿಗೆ ನೀನು ರೈಟ್ ಅಂದೆ. ಈಗ ತುಳಿದು ಏನ್ ಮಾಡ್ತೀಯ? ಗಾಲಿ ಆಗಲೇ ಹತ್ತಿ ಹೋತು."

ಆ ಸಂಜೆ ಹೊನ್ನೂರಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವ್ವನ ಡ್ಯೂಟಿ ಮುಗಿಯುವುದನ್ನು ಕಾಯುತ್ತಾ ಕೂತಿದ್ದಳು. ದೂರದಿಂದಲೇ ನೋಡಿ, "ಅಪ್ಪಾ!" ಎಂದು ಓಡಿ ಬಂದಳು. ತಿಪ್ಪೇಶಪ್ಪ ಊದಿದ ಕೈಗಳಲ್ಲೇ ಅವಳನ್ನು ಎತ್ತಿಕೊಂಡು, "ಇನ್ನೊಂದ್ ಸಲ ಅನ್ನವ್ವಾ" ಎಂದ.