ಅಕ್ಕಯ್ಯಮ್ಮನ ‘ಅದು’

ಅಕ್ಕಯ್ಯಮ್ಮ ತನ್ನ ತಮ್ಮ ಚಿಕ್ಕವೆಂಕಟಪ್ಪನ ಸುದ್ದಿ ಎತ್ತಿದಾಗಲೆಲ್ಲ ‘ಅದು’ ಅನ್ನುತ್ತಿದ್ದಳು. ‘ಅದು ರೈಲತ್ತಿ ಓಯ್ತು’, ‘ಅದುಕ್ಕೆ ಮಲ್ಲಿಗೆ ಅಂದ್ರೆ ಪ್ರಾಣ’. ಆ ತಮ್ಮ ಮೀಸೆ ಬೋಳಿಸಿ, ಸೀರೆ ಉಟ್ಟು, ನಂದಿದುರ್ಗದ ಚಿನ್ನದ ಗಣಿಯ ಕೂಲಿ ಲೈನುಗಳಲ್ಲಿ ಬದುಕಲು ಹೋಗಿ ಎಷ್ಟೋ ಕಾಲವಾಗಿತ್ತು. ಹೆಸರು ಕಿವಿಗೆ ಬಿದ್ದರೆ ಸಾಕು, ಅಕ್ಕಯ್ಯಮ್ಮನ ಮಗ ಕೋದಂಡಪ್ಪ ಗುಡುಗುತ್ತಿದ್ದ: “ನೋಡುದ್ರಾ, ಒಡಹುಟ್ಟಿದೋಳೇ ಮನ್ಸ ಅನ್ನಲ್ಲ, ಅದು ಅಂತಾಳೆ. ಆ ಮಾತು ಬುಡ್ರಿ!”

ಕೋದಂಡಪ್ಪನ ಮಗ ಆದಿನಾರಾಯಣ ಇದನ್ನು ಕೇಳುತ್ತಲೇ ಬೆಳೆದ. ತಾನು ಒಳಗೆ ಹೆಣ್ಣು ಅಂತ ತಿಳಿದಾಗಿನಿಂದ ಆ ಎರಡಕ್ಷರ ಎದೆಗೆ ಚುಚ್ಚುತ್ತಿತ್ತು. ಬಾಯಿಬಿಟ್ಟರೆ ತಾನೂ ದನಕರುಗಳ ಸಾಲಿಗೇ. ದಿನಾ ಬಂಗಾರಪೇಟೆ ಸ್ಟೇಷನ್ ಎದುರಿನ ಹೋಟೆಲಿಗೆ ಹಾಲು ಹಾಕಿ, ನಾಲ್ಕು ಜನರ ಜೊತೆ ನಕ್ಕು ಮನೆಗೆ ಬಂದರೆ ಮನೆ ತುಂಬ ಜನ, ಹೇಳಿಕೊಳ್ಳೋಕೆ ಒಂದು ನರಪಿಳ್ಳೆಯೂ ಇಲ್ಲ. ಅಯ್ಯೋ, ಒಬ್ಬರಿಗಾದರೂ ಹೇಳಬೇಕು ಅಂತ ಜೀವ ಎಷ್ಟು ಬಡಿದುಕೊಳ್ಳುತ್ತಿತ್ತು!

ಎಂಬತ್ತನಾಲ್ಕರ ಅವರೆಕಾಯಿ ಕಾಲಕ್ಕೆ ಅವನಿಗೊಂದು ಹೆಣ್ಣು ಗೊತ್ತುಮಾಡಿದರು. ಆ ಸಡಗರಕ್ಕೆ ಕುಪ್ಪಂ ಕಡೆಯಿಂದ ಅಕ್ಕಯ್ಯಮ್ಮನ ಚಿಕ್ಕಪ್ಪನ ಮಗಳು ಅಮ್ಮಾಜಮ್ಮ ಬಂದಳು. ಇಬ್ಬರು ಮುದುಕಿಯರೂ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ತವರಿನ ತೆಲುಗಲ್ಲಿ ಮಾತಿಗೆ ಕೂತರು. ಮಗ ಕೋದಂಡಪ್ಪನ ಮಾತು ಬಂದರೆ ‘ವಾಡು’, ಅಂದರೆ ಅವನು. ಸೊಸೆ ಆದಿಲಕ್ಷ್ಮಮ್ಮ ‘ಅದಿ’. ಚಿಕ್ಕವೆಂಕಟಪ್ಪನ ಮಾತು ಬಂತು: ‘ಅದಿ’.

ಹಾಲಿನ ಕ್ಯಾನು ತೊಳೆಯುತ್ತಿದ್ದ ಆದಿನಾರಾಯಣನ ಕೈ ನಿಂತಿತು. ತೆಲುಗಲ್ಲಿ ಗಂಡಸನ್ನು ಯಾರಾದರೂ ‘ಅದಿ’ ಅನ್ನುತ್ತಾರೆಯೇ? ಅಲ್ಲಿ ‘ಅದು’, ‘ಅವಳು’ ಎರಡಕ್ಕೂ ‘ಅದಿ’ಯೇ; ಮನುಷ್ಯರಲ್ಲಿ ಅದು ಹೆಂಗಸಿಗೆ ಅನ್ನುವ ಮಾತು. ಮುದುಕಿ ಕನ್ನಡದ ಮನೆಗೆ ಸೊಸೆಯಾಗಿ ಬಂದು ‘ಅದಿ’ಯನ್ನು ‘ಅದು’ ಮಾಡಿಕೊಂಡಿದ್ದಳು, ಅಷ್ಟೇ. ಆದಿಲಕ್ಷ್ಮಮ್ಮನೂ ಅತ್ತೆ ತನ್ನನ್ನು ಎಮ್ಮೆಯಂತೆ ಕಾಣುತ್ತಾಳೆ ಅಂತ ಮದುವೆಯಾದಾಗಿನಿಂದ ಮೂತಿ ಊದಿಸಿಕೊಂಡೇ ಇದ್ದಳು. ಸಂತೆಯಲ್ಲಿ ತೆಲುಗಲ್ಲೇ ವ್ಯಾಪಾರ ಮಾಡುವ ಈ ಆದಿನಾರಾಯಣ ಮಹಾನುಭಾವನಿಗೂ ಇಷ್ಟು ದಿನ ಹೊಳೆಯಲಿಲ್ಲವಲ್ಲ!

ಅಮ್ಮಾಜಮ್ಮ ಒಳಗೆ ಹೋದ ಮೇಲೆ ಅಜ್ಜಿಯ ಹತ್ತಿರ ಹೋಗಿ ಕೂತ.

“ಅಜ್ಜೀ, ಚಿಕ್ಕವೆಂಕಟಪ್ಪ ತಾತನ್ನ ಯಾಕೆ ಅದು ಅಂತೀಯ?”

“ಇನ್ನೇನಂತ ಅನ್ಬೇಕ್ಲಾ? ನನ್ನ ತಂಗೀನ ಅವ್ನು ಅನ್ಲಾ?” ಅಂದಳು ಅಕ್ಕಯ್ಯಮ್ಮ.

ಆಮೇಲೆ ತಾನಾಗಿಯೇ ಹೇಳಿದಳು. “ಸಂತೆ ದಿನ ಟೇಸನ್ನಾಗೆ ಸಿಗ್ತಿದ್ವಿ ಕಣ್ಲಾ. ಗಣಿ ಕಡೆಯಿಂದ ಬರೋ ಮಾರಿಕುಪ್ಪಂ ರೈಲಿಗೆ ಅದು ಬರೋದು, ನಾನು ರಾಗಿಹಿಟ್ಟು ಕಟ್ಕೊಂಡು ಓಗ್ತಿದ್ದೆ. ಓದ್ವರ್ಸ ಬರ್ಲೇ ಇಲ್ಲ. ಸಂತೆ ಮೇಲೆ ಸಂತೆ ಕಾದೆ. ಕೊನೀಗೆ ಯಾರೋ ಲೈನಿನೋಳು ಸಿಕ್ಕಿ, ಉಗಾದಿಗೆ ಮುಂಚೇನೇ ಮಣ್ಣಾಯ್ತು ಅಂದ್ಲು. ನಮ್ಮೂರು ಯಾವ್ದು ಅಂತ ಅಲ್ಲಿ ಒಬ್ರಿಗೂ ಗೊತ್ತಿಲ್ಲ. ನಮ್ಮ ಮಾನ ಓಗ್ಬಾರ್ದು ಅಂತ ಅದು ಯಾರ್ಗೂ ಯೋಳೇ ಇರ್ಲಿಲ್ಲ.”

ಅದೇ ಸ್ಟೇಷನ್ನು. ಹಾಲಿನ ಸೈಕಲ್ಲಿನ ಪಕ್ಕದಲ್ಲೇ ಎಷ್ಟು ಸಲ ಹಾದುಹೋಗಿದ್ದಳೋ. ತನ್ನಂಥವಳು, ತನ್ನದೇ ರಕ್ತ, ಕಣ್ಣೆದುರೇ ಇದ್ದಳು. ಈಗ ಇಲ್ಲ.

“ಅಜ್ಜೀ, ನಾನೂ ಅಂಗೇನೇ.”

ಅಕ್ಕಯ್ಯಮ್ಮ ಸುಲಿದ ಕಾಳಿನ ಮೊರ ಪಕ್ಕಕ್ಕಿಟ್ಟಳು. “ನಂಗೊತ್ತು. ಸಣ್ಣುಡ್ಗ ಆಗಿದ್ದಾಗ್ಲಿಂದ ನೋಡ್ತಾನೇ ಇವ್ನಿ. ಕೇಳುದ್ರೆ ನೀನೂ ರೈಲತ್ತೀಯ ಅಂತ ಬಯ. ಅದುಕ್ಕೇ ಬಾಯ್ಬುಡ್ಲಿಲ್ಲ.”

ಆದಿನಾರಾಯಣನಿಗೆ ಸಿಟ್ಟು ಬಂತು, ಅಳುವೂ ಬಂತು. ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಇಷ್ಟು ವರ್ಷ ಸುಮ್ಮನೆ ಕಳೆದರಲ್ಲ!

“ಲೇ ಆದೀ! ಒತ್ತಾಯ್ತು, ಕಟಿಂಗ್ ಮಾಡ್ಸ್ಕಂಡು ಬಾರ್ಲಾ, ನಾಳೆ ಎಣ್ಣಿನೋರು ಬತ್ತಾರೆ!” ಒಳಗಿಂದ ಕೋದಂಡಪ್ಪ ಕೂಗಿದ.

“ಈ ಮದ್ವೆ ನನ್ನ ಕೈಲಾಗಲ್ಲ ಅಜ್ಜೀ. ಆ ಉಡ್ಗೀಗೂ ಮೋಸ.”

“ಆಗಲ್ಲ ಅಂದ್ರೆ ನಿಮ್ಮಪ್ಪ ಇಲ್ಲಿರೋಕೆ ಬುಡಲ್ಲ.”

“ಗೊತ್ತು.”

ಅಕ್ಕಯ್ಯಮ್ಮ ಬಾಗಿಲ ಕಡೆ ನೋಡಿದಳು. ಮೊಮ್ಮಗುವಿನ ಕೆನ್ನೆ ಹಿಡಿದುಕೊಂಡಳು.

“ಓಗು ಕಣೇ,” ಅಂದಳು. “ಓದ ಕಡೆ ಯಾರ್ಗಾದ್ರೂ ನಮ್ಮೂರ ಎಸ್ರು ಯೋಳಿರು.”